ಅಡ್ಡಗೀಟಿನ ಸೊನ್ನೆ

“ನಿನ್ನೆ ಎಷ್ಟು ಜನ ನಿಮ್ಮನ್ನು ‘ಊಟ ಆಯ್ತಾ?’ ಅಂತ ಕೇಳಿದರು?”

ಕಾಲೇಜಿನವರೆಲ್ಲ, ಪಾಠ ಮಾಡುವವರೂ ಸೇರಿ, ಉತ್ತರವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ್ದರು. ಸಂಖ್ಯಾಶಾಸ್ತ್ರದ ಮೇಷ್ಟ್ರು ಪ್ರತಿ ವಿದ್ಯಾರ್ಥಿಯಿಂದ ಐದೈದು ಚೀಟಿ ಎತ್ತಿಸಿ, ಸರಾಸರಿ ತೆಗೆಸಿ, ಬೋರ್ಡಿನ ಮೇಲೆ ಚುಕ್ಕಿ ಇಡಿಸಿದರು. ಚುಕ್ಕಿಗಳೆಲ್ಲ ಐದರ ಆಸುಪಾಸಿನಲ್ಲೇ ಗುಂಪುಗೂಡಿದವು.

“ನೋಡ್ರಪ್ಪಾ, ಚೀಟಿ ಒಂದೊಂದೂ ಒಂದೊಂದು ಥರ. ಸರಾಸರಿಗಳು ಮಾತ್ರ ಒಂದೇ ಕಡೆ ಸೇರ್ತವೆ.” ಖಾಲಿ ಉಳಿದಿದ್ದ ಎಡತುದಿಯಲ್ಲಿ ಸೊನ್ನೆ ಸುತ್ತಿ, ಎಂದಿನಂತೆ ಅದಕ್ಕೊಂದು ಅಡ್ಡಗೀಟು ಎಳೆದರು. “ಇಲ್ಲಿ ಯಾರೂ ಇಲ್ಲ.”

ಹಿಂದಿನ ಬೆಂಚಿನ ಹುಡುಗಿ ಎದ್ದಳು. “ಸರ್, ನನ್ನ ಒಂದು ಚೀಟೀಲಿ ಸೊನ್ನೆ ಇತ್ತು. ಆದ್ರೂ ಸರಾಸರಿ ಐದೇ ಬಂತು.”

“ಉಳಿದ ನಾಲ್ಕರಲ್ಲಿ ಅದು ಮುಚ್ಚಿಹೋಯ್ತಮ್ಮ. ಸರಾಸರೀಲಿ ಅದು ಯಾರಿಗೂ ಕಾಣಲ್ಲ.”

ಮಧ್ಯಾಹ್ನದ ಗಂಟೆ ಹೊಡೆಯಿತು. ಎಲ್ಲರೂ ಬುತ್ತಿ ಹಿಡಿದು ಹೊರಗೆ ಓಡಿದರು. ಮೇಷ್ಟ್ರು ಒಬ್ಬರೇ ಬೋರ್ಡು ಒರೆಸತೊಡಗಿದರು. ಹುಡುಗಿ ಬಾಗಿಲಲ್ಲೇ ನಿಂತು ಕೈಯಲ್ಲಿದ್ದ ಚೀಟಿ ಬಿಡಿಸಿದಳು. ಅದರ ಸೊನ್ನೆಗೂ ಅಡ್ಡಗೀಟಿತ್ತು.

“ಸರ್,” ಎಂದಳು, “ಊಟ ಆಯ್ತಾ?”