ಕೂಸಿನ ಕೆಂಪು ಕೆನ್ನೆ

ನಾಮಕರಣ ಮುಗಿದಾಗಿನಿಂದ ಬೀಗಿತಿಯರಿಬ್ಬರಿಗೂ ಅದೇ ಜಗಳ: ಕೂಸಿನ ಕೆಂಪು ಕೆನ್ನೆ ಯಾರ ಕಡೆಯದು?

"ಇದು ನಮ್ಮ ವಂಶದ ಬಣ್ಣ," ಎಂದರು ಬಾಣಂತಿ ಸುಮತಿಯ ಅತ್ತೆ ತುಂಗಮ್ಮ.

"ಅಯ್ಯೋ ಬಿಡಿ, ನಮ್ಮ ಕಡೆ ಎಲ್ಲಾ ಮಕ್ಳಿಗೂ ಹೀಗೇ," ಎಂದರು ಅವಳ ತಾಯಿ ಕನಕಮ್ಮ.

ಸುಮತಿಗೆ ಮಾತ್ರ ಸಮಾಧಾನವಿಲ್ಲ. ಕೂಸು ಕೆನ್ನೆಯನ್ನು ಅವಳ ಭುಜಕ್ಕೆ ಉಜ್ಜುತ್ತಲೇ ಇತ್ತು. ಮುಟ್ಟಿದರೆ ಚರ್ಮ ಒರಟೊರಟು. ಡಾಕ್ಟರ ಬಳಿ ಎತ್ತಿಕೊಂಡು ಹೋದಳು. ಅಜ್ಜಿಯರೂ ಬೆನ್ನಿಗೇ ಬಂದರು.

"ಬಣ್ಣ ಅಲ್ಲಮ್ಮ, ಎಕ್ಸಿಮಾ. ಇಸುಬು ಅಂತೀವಲ್ಲ, ಅದು. ಎಷ್ಟೋ ಸಲ ವಂಶದಲ್ಲೇ ಬರುತ್ತೆ. ಯಾರ ಕಡೆ ಇದೆ?"

"ಹೇಳಿ ಬೀಗಿತಿಯವರೇ, ನಿಮ್ಮ ಕಡೆ ಎಲ್ಲಾ ಮಕ್ಳಿಗೂ ಹೀಗೇ ಅಂದ್ರಲ್ಲ!" ಎನ್ನುತ್ತ ತುಂಗಮ್ಮ, ತಾವು ತುರಿಸಿಕೊಳ್ಳುತ್ತಿದ್ದ ಮೊಣಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.