ಕಾರಿಗೆ ತಕ್ಕ ಪೈಪು

ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದ ಗಾಯತ್ರಿ ತಲೆ ಎತ್ತಿದಾಗ, ಗಂಡ ಹುಲುಗೇಶ ಅವಳ ಕಾರಿನ ಬಾನೆಟ್ ಮುಚ್ಚುತ್ತಿದ್ದ.

"ಏನ್ ನೋಡಿದ್ರಿ?"

"ಏನಿಲ್ಲ. ನೀರು ಐತೋ ಇಲ್ಲೋ ಅಂತ."

ಕೈ ಒರೆಸಿಕೊಂಡು ತನ್ನ ಟ್ಯಾಕ್ಸಿ ಹತ್ತಿ ಹಂಪಿಯ ಕಡೆ ಹೊರಟುಹೋದ. ಚಿತ್ತವಾಡ್ಗಿಯ ಆ ಮನೆಯಲ್ಲಿ ಈಗ ಆಗುವ ಮಾತು ಇಷ್ಟೇ. ಸಂಡೂರಿನ ಘಾಟಿಯಲ್ಲಿ ಗಾಡಿ ಉರುಳಿ ಮಗಳು ಸುಷ್ಮಿತಾ ತೀರಿಹೋದಳು. ಸ್ಟೇರಿಂಗ್ ಹಿಡಿದು ತೂಕಡಿಸಿದವನು ಹುಲುಗೇಶ. ಅವನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು, ಅಷ್ಟೇ. ಗಾಯತ್ರಿಗೆ ಅಳು ಬತ್ತಿಹೋಗಿತ್ತು. ಸಿಟ್ಟೂ ಬತ್ತಿತೆಂದು ನೆಂಟರು ಸಮಾಧಾನಪಟ್ಟುಕೊಂಡಿದ್ದರು.

ಕಾರು ಅವಳದಲ್ಲ, ಅವಳು ಕೆಲಸ ಮಾಡುವ ಸ್ಪೇರ್ ಪಾರ್ಟ್ಸ್ ಅಂಗಡಿಯದು. ಹೊಸಪೇಟೆಯಿಂದ ಸುತ್ತಲಿನ ಗ್ಯಾರೇಜುಗಳಿಗೆ ಸಾಮಾನು ಮುಟ್ಟಿಸುವುದು ಅವಳ ಕೆಲಸ. ಅವತ್ತು ಗಾದಿಗನೂರು ಹತ್ತಿರವಾಗುವಷ್ಟರಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ರಸ್ತೆ ಬದಿಯ ಪಕ್ಕೀರಪ್ಪನ ಗ್ಯಾರೇಜಿಗೆ ತಿರುಗಿಸಿ ಇಂಜಿನ್ ಆರಿಸಿದಳು.

ಬಾನೆಟ್ ಎತ್ತಿ ಬಗ್ಗಿದ ಪಕ್ಕೀರಪ್ಪ ಹಾಗೇ ನಿಂತ.

"ಅಕ್ಕಾ, ಇದನ್ನ ಯಾರ್ ಹಾಕಿದ್ರು? ಇದು ಹಳೇ ಕಾರ್ಬೋರೇಟರ್ ಗಾಡಿ ಪೈಪ್ ಐತಲ್ರೀ! ಇಂಜೆಕ್ಷನ್ ಗಾಡ್ಯಾಗ ಪೆಟ್ರೋಲ್ ಎಷ್ಟ್ ಜೋರು ನುಗ್ತೈತಿ, ನಿಮಗ ಗೊತ್ತಿಲ್ಲೇನು? ನೋಡ್ರಿ, ಹೆಂಗ ಉಬ್ಬೇತಿ. ಇನ್ನಷ್ಟು ದೂರ ಹೋಗಿದ್ರ ಒಡದು ಬಿಸಿ ಇಂಜಿನ್ ಮ್ಯಾಲೆ ಚಿಮ್ಮತಿತ್ತು. ಗಾಡಿ ಸಮೇತ ಸುಟ್ಟು ಹೋಗ್ತಿದ್ರಿ."

ಗಾಯತ್ರಿ ನೋಡಿದಳು. ಕಪ್ಪು ರಬ್ಬರಿನ ಮೇಲೆ ಅರಿಶಿನ, ಅದರ ನಡುವೆ ಕುಂಕುಮದ ಬೊಟ್ಟು.

"ಪೂಜಿ ಬ್ಯಾರೆ ಮಾಡ್ಯಾರ," ಎಂದ ಪಕ್ಕೀರಪ್ಪ. "ಕಡಿಯೋ ಕುರಿಗೆ ಹಚ್ಚಿದಂಗ."

ಹೆದರಿಕೆ ಬರಬೇಕಿತ್ತು, ಬರಲಿಲ್ಲ.

"ಮುಂಜಾನೆ ನಮ್ಮ ಮನಿಯವರು ಬಾನೆಟ್ ತೆಗೆದಿದ್ರು."

"ಹುಲುಗೇಶಣ್ಣನಾ?" ಪಕ್ಕೀರಪ್ಪ ದನಿ ತಗ್ಗಿಸಿದ. "ಹೊಸ ಸಾಮಾನಿಗೆ ಮೂರು ಗೆರಿ ವಿಭೂತಿ ಎಳೀದೆ ಸ್ಪ್ಯಾನರ್ ಮುಟ್ಟದ ಮನುಷ್ಯಾ ಅಂವ. ಹಿಂಗ ಮಾಡಿದ್ನಾ? ಸ್ಟೇಷನ್ನಿಗೆ ಹೋಗ್ರಿ ಅಕ್ಕಾ. ಈ ಪೈಪ್ ಒಂದು ಸಾಕು."

"ಬ್ಯಾಡ." ಉತ್ತರ ತಟ್ಟನೆ ಬಂತು. "ಬಿಚ್ಚಿ ನನ್ನ ಕೈಯಾಗ ಕೊಡ್ರಿ."

ಇಷ್ಟಾದರೂ ಗಂಡನನ್ನು ಬಿಟ್ಟುಕೊಡದ ಹೆಂಗಸನ್ನು ನೋಡಿ ಪಕ್ಕೀರಪ್ಪನ ಕರುಳು ಚುರ್ ಎಂದಿತು. ಮತ್ತೆ ಆ ಮಾತೆತ್ತಲಿಲ್ಲ.

"ಯಾವ್ದು ಹಾಕ್ಲಿ? ನೈಲಾನ್ ಐತಿ, ರಬ್ಬರ್ ಐತಿ."

"ನೈಲಾನ್ ಬ್ಯಾಡ, ಅದಕ್ಕ ಬ್ಯಾರೆ ಜೋಡಣಿ ಬೇಕು. ಡಿಕ್ಕಿಯಾಗ ಇಂಜೆಕ್ಷನ್ ಪೈಪ್ ಐತಿ, ಒಳಗ ಪದರ ಇರೋದು. ಅದನ್ನ ಹಾಕ್ರಿ. ಈಗಿನ ಪೆಟ್ರೋಲ್‌ನಾಗ ಎಥನಾಲ್ ಬೆರಸ್ತಾರ, ಬರೇ ರಬ್ಬರ್‌ನ ತಿಂದು ಹಾಕ್ತೈತಿ. ಕ್ಲಿಪ್ಪೂ ಅಷ್ಟ, ಸುತ್ತ ಸಮಾ ಹಿಡಿಯೋದು ಬೇಕು."

ಕೌಂಟರಿನಲ್ಲಿ ದಿನವೂ ಹೇಳುವ ಮಾತು, ಬಾಯಿ ತಾನಾಗಿಯೇ ಹೇಳಿತು. ಯಾವ ಪೈಪು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬುದು ಅವಳಿಗೆ ಅಂಗೈ ಗೆರೆಯಷ್ಟೇ ಪರಿಚಿತ.

ಪಕ್ಕೀರಪ್ಪ ಕೆಲಸ ಮುಗಿಸುವ ಹೊತ್ತಿಗೆ ಫೋನ್ ಬಂತು. ಹುಲುಗೇಶ.

"ಎಲ್ಲಿದ್ದಿ?"

"ಗಾದಿಗನೂರು."

"ಪೈಪ್ ನೋಡಿದ್ಯಾ?"

"ನೋಡಿದೆ."



"ನನ್ನ ಗಾಡಿಗೂ ಬ್ಯಾರೆ ಪೈಪ್ ಹಾಕೇನಿ, ಈಗ ಚಲೋ ಐತಿ," ಎಂದು ಫೋನ್ ಇಟ್ಟ.

ಗಾಯತ್ರಿ ಕಾರಿನಲ್ಲಿ ಕೂತು, ಬಿಚ್ಚಿದ ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸತೊಡಗಿದಳು. ವಿಭೂತಿಯ ಗೆರೆ ಅದರ ಮೇಲೆ ಒಂದೂ ಇರಲಿಲ್ಲ.

ಆ ಅರಿಶಿನ ಕುಂಕುಮ ಅವಳ ಕೈಯದೇ. ನಿನ್ನೆ ಸಂಜೆ ಗಂಡನ ಟ್ಯಾಕ್ಸಿಗೆ ಆ ಪೈಪು ಹಾಕುವಾಗ, ಹೊಸ ಸಾಮಾನೆಂದು ರೂಢಿಯ ಮೇಲೆ ಹಚ್ಚಿಬಿಟ್ಟಿದ್ದಳು.