ಯುದ್ಧದ ಹಡಗಿನ ಅಳಿಯ

ಬಸ್ಸಿಳಿದ ಇಬ್ಬರು ನೇರ ಹೋಟೆಲಿಗೆ ಬಂದು, ಚಾ ಹೇಳುವ ಮೊದಲೇ ಗೋಣೆಪ್ಪನ ಹೆಸರೆತ್ತಿದರು. ಮೂಲೆಯಲ್ಲಿ ಕೂತಿದ್ದ ಚಿಕ್ಕಹನುಮಂತಪ್ಪನ ಕೈಯಲ್ಲೇ ಬೀಡಿ ಆರಿತು.

ಗೋಣೆಪ್ಪ ಅವನ ತಂಗಿ ಗಾದ್ರಮ್ಮನ ಮಗ. ಮುಂಬಯಿಯಲ್ಲಿ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸ. ಎಂಬತ್ತೆಂಟರ ಆ ಬೇಸಗೆಯಲ್ಲಿ ಅಲ್ಲಿ ಕ್ಷಿಪಣಿ ಹಾರಿಸುವ ದೊಡ್ಡ ಯುದ್ಧನೌಕೆ ಏಳುತ್ತಿತ್ತು. ಅದರ ಕೆಲಸ ಸಿಕ್ಕರೆ ನೌಕರಿ ಕಾಯಂ. ಹೊನ್ನಾಳಿ ಹೊಳೆಗೆ ಅಡ್ಡ ಇಟ್ಟರೆ ಸೇತುವೆಯೇ ಬೇಡ, ಅಷ್ಟುದ್ದದ ಹಡಗು ಎಂದು ಗಾದ್ರಮ್ಮ ನ್ಯಾಮತಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಮಗ ಮಾತ್ರ ಕೇಳಿದವರಿಗೆಲ್ಲ "ಬರೀ ಕಬ್ಬಿಣ" ಎಂದು ಸುಮ್ಮನಾಗುತ್ತಿದ್ದ.

ಚಿಕ್ಕಹನುಮಂತಪ್ಪ ಮಗಳು ಸಾವಂತ್ರಮ್ಮನನ್ನು ಅವನಿಗೆಂದೇ ಇಟ್ಟುಕೊಂಡಿದ್ದ. ಸೋದರಮಾವನ ಹಕ್ಕು. ಆದರೆ ತಂಗಿ, ನೌಕರಿ ಕಾಯಂ ಆಗಲಿ ನೋಡೋಣ ಎಂದು ಜಾರಿಕೊಳ್ಳುತ್ತಿದ್ದಳು. ಕಾಯಂ ಆದರೆ ಹೆಣ್ಣಿನ ಕಡೆಯವರು ಸಾಲುಗಟ್ಟುತ್ತಾರೆ. ಇವರು ಆಗಲೇ ಬಂದುಬಿಟ್ಟಿದ್ದಾರೆ.

ಅವನು ಎದ್ದು ಹೋಗಿ ಅವರ ಎದುರು ಕೂತ. ಯಾವ ಕಡೆಯವರೆಂದರೆ ಶಿವಮೊಗ್ಗ ಎಂದರು. ಹುಡುಗನ ನಡತೆ ಹೇಗೆ, ಸಹವಾಸ ಯಾರದು, ಊರಿಗೆ ಬಂದಾಗ ಏನೇನು ಮಾತಾಡುತ್ತಾನೆ ಎಂದು ಕೇಳಿದರು. ಜಮೀನಿನ ಸುದ್ದಿಯೇ ಇಲ್ಲ. ನೌಕರಿ ಮೇಲೇ ಕಣ್ಣು ಇವರಿಗೆ, ಅಂದುಕೊಂಡ.

ವರನನ್ನು ವಿಚಾರಿಸಲು ಬಂದವರ ಮುಂದೆ ದೂರು ಹೇಳಿದರೆ ಸಂಬಂಧ ಮುರಿದ ಪಾಪ ಸುತ್ತಿಕೊಳ್ಳುತ್ತದೆ ಎನ್ನುತ್ತಾರೆ. ಸೋದರಮಾವನಿಗೆ ಅದು ತಟ್ಟುವುದಿಲ್ಲವೆಂದು ಚಿಕ್ಕಹನುಮಂತಪ್ಪ ತಾನೇ ತೀರ್ಮಾನ ಮಾಡಿಕೊಂಡ.

"ಹುಡ್ಗ ಒಳ್ಳೇನೇರಿ. ಹೊಟ್ಟೆಗೆ ಒಂದೀಟು ಬಿದ್ರೆ ಮಾತ್ರ ಬಾಯಿ ನಿಲ್ಲಲ್ಲ. ಆ ಹಡಗಿನಾಗೆ ಏನೈತೆ, ಎಲ್ಲೈತೆ, ಎಲ್ಲಾನೂ ಸಂತೇಲಿ ನಿಂತು ಒದರ್ತಾನೆ. ಇಂಥೋನು ಮನೆ ಗುಟ್ಟು ಉಳಿಸ್ತಾನೇನ್ರಿ?"

ನೀವು ಅವನಿಗೆ ಏನಾಗಬೇಕು ಎಂದು ಇಬ್ಬರಲ್ಲಿ ಹಿರಿಯನು ಕೇಳಿದ.

"ಬಳಗವೇರಿ. ಅದಕ್ಕೇ ಸುಳ್ಳು ಹೇಳಾಕೆ ಮನಸ್ಸು ಬರಲ್ಲ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾದ್ರಮ್ಮನ ಮನೆಗೆ ಹೋಗದೆ ಮುಂದಿನ ಬಸ್ಸಿಗೇ ಹತ್ತಿದರು.

ಚಿಕ್ಕಹನುಮಂತಪ್ಪ ಅವತ್ತೇ ತಂಗಿಯ ಮನೆಗೆ ಓಡಿದ. ಶಿವಮೊಗ್ಗದವರು ಬಂದು ಮೂಗು ಮುರಿದು ಹೋದರು, ಇನ್ನು ತಡಮಾಡಿದರೆ ಹುಡುಗನ ಹೆಸರು ಕೆಡುತ್ತದೆ ಎಂದು ಹೆದರಿಸಿದ. ಗಾದ್ರಮ್ಮ ಒಪ್ಪಿದಳು. ಹಿರಿಯರ ಮುಂದೆ ತಾಂಬೂಲ ಬದಲಾಯಿಸಿಕೊಂಡರು. ಅದಾದ ಮೇಲೆ ಮಾತು ಮುರಿಯುವ ರೂಢಿ ಅವರಲ್ಲಿಲ್ಲ. ಯುದ್ಧದ ಹಡಗಿನ ಅಳಿಯ ಬರುತ್ತಾನೆಂದು ಮಾವ ಓಣಿಗೆಲ್ಲ ಸಕ್ಕರೆ ಹಂಚಿದ.

ಮುಂದಿನ ತಿಂಗಳು ಗೋಣೆಪ್ಪ ಟ್ರಂಕು ಹೊತ್ತು ಬಸ್ಸಿಳಿದ. ಮದುವೆಗೆ ರಜೆ ಎಷ್ಟು ದಿನ ಎಂದು ಮಾವ ಕೇಳಿದ.

"ರಜೆ ಅಲ್ಲ ಮಾವ, ಕೆಲಸ ಬಿಡಿಸಿ ಕಳಿಸಿದ್ರು. ಯುದ್ಧದ ಹಡಗಿಗೆ ಸೇರಿಸ್ಕೊಳ್ಳೋ ಮುಂಚೆ ಮಫ್ತಿ ಪೊಲೀಸರನ್ನ ಊರಿಗೆ ಕಳಿಸಿ ವಿಚಾರಿಸ್ತಾರೆ. ನಮ್ಮ ಬಳಗದೋರೇ ಯಾರೋ ನನ್ನನ್ನ ಬಾಯಿಬಡುಕ ಅಂದರಂತೆ."